ನಾನು ಜಪ್ತಿಯಾದ ವಾರ

ನನ್ನನ್ನು ಒಂದು ಸಲ ಸರ್ಕಾರ ಜಪ್ತಿ ಮಾಡಿತ್ತು. ನಗಬೇಡಿ. ಎತ್ತು, ಎಮ್ಮೆ, ಹಂಡೆ, ಕೊಪ್ಪರಿಗೆ ಜಪ್ತಿಯಾದದ್ದನ್ನು ನೀವು ಕೇಳಿರುತ್ತೀರಿ. ನರ್ಸಮ್ಮ ಜಪ್ತಿಯಾದದ್ದು ಮಹಾರಾಜರ ಸೀಮೆಯಲ್ಲೆಲ್ಲ ಒಂದೇ ಸಲ, ಮಧುಗಿರಿಯಲ್ಲಿ, ಅದೂ ಒಂದು ಇಂಗ್ಲಿಷ್ ಪದದ ದೆಸೆಯಿಂದ. ಆಗ ಯುದ್ಧ ನಡೆಯುತ್ತಿತ್ತು, ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು, ನನಗೆ ಮೂವತ್ತು ತುಂಬಿತ್ತು. ಆ ಊರು ಬಿಟ್ಟು ಬೆಂಗಳೂರು ಸೇರಿಕೊಳ್ಳಲು ನನಗೆ ಸರಿಯಾಗಿ ಆರು ದಿನ ಉಳಿದಿತ್ತು.

ನಾನು ಕೊರಟಗೆರೆಯವಳು. ಹದಿನಾರಕ್ಕೇ ಗಂಡ ತೀರಿಕೊಂಡ ಮೇಲೆ ನನ್ನನ್ನು ಏನು ಮಾಡುವುದು ಎಂಬ ಪ್ರಶ್ನೆ ತವರಿನಲ್ಲಿ ಹುಟ್ಟಿತು. ನಮ್ಮದು ಅಂಗಡಿ ವ್ಯಾಪಾರದ ಮನೆ. ಮಾರಾಟವಾಗದೆ ವಾಪಸು ಬಂದ ಸರಕು ಎಂದರೆ ನಮ್ಮವರಿಗೆ ಮೊದಲಿಂದಲೂ ತಲೆನೋವು. ಸೋದರಮಾವನೊಬ್ಬ ಧೈರ್ಯ ಮಾಡಿ ಬೆಂಗಳೂರಿಗೆ ಕಳಿಸಿ ನರ್ಸು ಕೆಲಸ ಕಲಿಸಿದ. ಲಿಂಗ ಕಟ್ಟಿದ ಹುಡುಗಿ ಕಂಡಕಂಡವರ ಮೈ ತೊಳೆಯುತ್ತಾಳೆ ಎಂದು ನೆಂಟರೆಲ್ಲ ಮುಖ ತಿರುಗಿಸಿದರು. ಅವರ ಸೊಸೆಯಂದಿರಿಗೆ ನೋವು ಬಂದಾಗ ಮಾತ್ರ ಹಿತ್ತಿಲ ಬಾಗಿಲಿನಿಂದ ಹೇಳಿಕಳಿಸುತ್ತಿದ್ದರು. ಆಗ ನನ್ನ ಕೈಗೆ ಮೈಲಿಗೆ ಇರುತ್ತಿರಲಿಲ್ಲ.

ಮೊದಲು ಪಾವಗಡದಲ್ಲಿ ಎರಡು ವರ್ಷ, ಆಮೇಲೆ ಶಿರಾದಲ್ಲಿ ಎರಡು ವರ್ಷ. ನೋವು ಎನ್ನುವುದಕ್ಕೆ ಅಲ್ಲಿ ನೊಪ್ಪಿ ಎನ್ನುವುದನ್ನು, ಇಲ್ಲಿ ದರ್ದು ಎನ್ನುವುದನ್ನು ಕಲಿತೆ. ರಜೆಯನ್ನು ಮಾತ್ರ ಯಾವ ಭಾಷೆಯಲ್ಲಿ ಕೇಳಿದರೂ ಇಲ್ಲ ಎಂಬ ಒಂದೇ ಉತ್ತರ ಬರುತ್ತಿತ್ತು. ಆಮೇಲೆ ಮಧುಗಿರಿಗೆ ಹಾಕಿದರು. ಅಲ್ಲಿ ಏಳು ವರ್ಷ ಉಳಿದೆ. ಉಳಿದೆ ಎಂದರೆ ಯಾರೂ ನನ್ನನ್ನು ಎತ್ತಿ ಬೇರೆ ಕಡೆ ಇಡಲಿಲ್ಲ, ಅಷ್ಟೆ.

ಬೆಟ್ಟದ ಬುಡದಲ್ಲಿ ಹನ್ನೆರಡು ಮಂಚದ ತಾಲ್ಲೂಕು ಆಸ್ಪತ್ರೆ. ಒಬ್ಬರು ಡಾಕ್ಟರು, ನಾನು, ಒಬ್ಬಳು ಆಯಾ. ಬೇಸಿಗೆಯಲ್ಲಿ ಹಗಲೆಲ್ಲ ಕಾದ ಬಂಡೆ ಸಂಜೆಯಾದರೆ ಆ ಕಾವನ್ನೆಲ್ಲ ತಂದು ನಮ್ಮ ಕಿಟಕಿಗೇ ಸುರಿಯುತ್ತಿತ್ತು. ನನಗೆ ಕೊಟ್ಟ ಕೋಣೆಯ ಪಕ್ಕದಲ್ಲೇ ಹೆಣ ಇಡುವ ಕೊಠಡಿ. ನೆರೆಹೊರೆಯವರ ಗಲಾಟೆ ಇಲ್ಲವಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದ್ದರು. ಡಾಕ್ಟರ ಎದುರು ನರ್ಸು ಕೂರಬಾರದು ಎಂದು ಎಲ್ಲೂ ಬರೆದಿರಲಿಲ್ಲ, ಬರೆಯದೆ ಇದ್ದದ್ದರಿಂದ ಅದನ್ನು ಅಳಿಸಲೂ ಆಗುತ್ತಿರಲಿಲ್ಲ. ಏಳು ವರ್ಷ ನಿಂತೇ ಇದ್ದೆ. ಆಯಾ ಹೇಗೂ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂರುವವಳು, ಅವಳಿಗೆ ಆ ಬಾಧೆ ಇರಲಿಲ್ಲ.

ಡಾಕ್ಟರು ಕೆಟ್ಟವರು ಎಂದು ನಾನು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಬಡವರನ್ನು ಗದರಿದವರಲ್ಲ, ಯಾರಿಂದಲೂ ಒಂದು ತೆಂಗಿನಕಾಯಿ ಮುಟ್ಟಿದವರಲ್ಲ, ನಸ್ಯವೊಂದು ಬಿಟ್ಟರೆ ಚಟವಿಲ್ಲ. ಆದರೆ ಅವರ ಬಾಯಲ್ಲಿ ಹೊಗಳಿಕೆ ಎನ್ನುವುದು ಪಾವಗಡದ ಮಳೆ. ಮೋಡ ಕಾಣುತ್ತಿತ್ತು, ಹನಿ ಬೀಳುತ್ತಿರಲಿಲ್ಲ. ಊರ ಜನ ಅವರಿಗಿಂತ ಒಂದು ಕೈ ಮೇಲು. ರೋಗಿ ಎದ್ದು ನಡೆದುಹೋದರೆ ಡಾಕ್ಟರ ಕೈಗುಣ, ರೋಗಿ ಹೋದರೆ ನರ್ಸಮ್ಮನ ಕಾಲ್ಗುಣ. ಒಂದೇ ಮೈಯಲ್ಲಿ ಕೈ ಅವರಿಗೆ, ಕಾಲು ನನಗೆ ಎಂದು ಪಾಲು ಮಾಡಿ ಕೊಟ್ಟಿದ್ದರು.

ಆಯಾ ಐವತ್ತು ದಾಟಿದ ಹೆಂಗಸು, ಬೆಟ್ಟದ ಆಚೆ ಮಗ್ಗುಲಿನ ಹಳ್ಳಿಯವಳು. ಪಾಳೇಗಾರರ ಕಾಲದಲ್ಲಿ ಅವಳ ಮನೆತನದವರು ಕೋಟೆ ಬಾಗಿಲು ಕಾಯುತ್ತಿದ್ದರಂತೆ. ಇವಳು ಆಸ್ಪತ್ರೆ ಬಾಗಿಲು ಗುಡಿಸುತ್ತಿದ್ದಳು. ಅಕ್ಷರದ ಗಂಧವಿಲ್ಲ. ಬಸುರಿಯ ಹೊಟ್ಟೆ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳೆಂದರೆ ಒಳಗೆ ಕೂಸು ಯಾವ ಮಗ್ಗುಲಲ್ಲಿ ಮಲಗಿದೆ ಎಂದು ಹೇಳಿಬಿಡುತ್ತಿದ್ದಳು. ಅಡ್ಡ ಐತೆ ಕಣಮ್ಮ ಎಂದು ನನ್ನ ಕಿವಿಯಲ್ಲಿ ಉಸುರಿದರೆ, ನಾನು ಡಾಕ್ಟರ ಹತ್ತಿರ ಹೋಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಡಾಕ್ಟರು ಗಂಭೀರವಾಗಿ ತಲೆಯಾಡಿಸಿ ಕೈ ತೊಳೆದುಕೊಳ್ಳುತ್ತಿದ್ದರು. ತಾಯಿ ಮಗು ಎರಡೂ ಉಳಿದರೆ ಮತ್ತೆ ಡಾಕ್ಟರ ಕೈಗುಣ. ನನಗೆ ಹೊಟ್ಟೆ ಉರಿದುಹೋಗುತ್ತಿತ್ತು. ಕಂಡು ಹೇಳಿದವಳು ನಾನು, ಹೆಸರು ಅವರಿಗೆ.

ಹೀಗಿರುವಾಗ ಬೆಂಗಳೂರಿನ ಒಂದು ದೊಡ್ಡ ಹೆರಿಗೆ ಆಸ್ಪತ್ರೆಯಿಂದ ನನಗೆ ಕಾಗದ ಬಂತು. ನಾನೇ ಗುಟ್ಟಾಗಿ ಅರ್ಜಿ ಹಾಕಿದ್ದೆ. ಕೆಲಸ ಸಿಕ್ಕಿದೆ, ಇಂಥ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹಾಜರಾಗಬೇಕು, ತಪ್ಪಿದರೆ ಆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಡಾಕ್ಟರಿಗೆ ತೋರಿಸಿದೆ. ಸಂತೋಷ ಎಂದರು, ಎರಡು ಬೆರಳು ನಸ್ಯ ಏರಿಸಿದರು, ಮುಂದಿನ ರೋಗಿಯನ್ನು ಕರೆದರು. ಏಳು ವರ್ಷಕ್ಕೆ ಒಂದು ಸಂತೋಷ. ನಾನು ಬಾಗಿಲಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ, ಏನಾದರೂ ಹೇಳಿಯಾರು ಎಂದು. ರೋಗಿ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದ.

ಅದೇ ಹೊತ್ತಿಗೆ ಮೇಲಿನಿಂದ ಒಂದು ಸುತ್ತೋಲೆ ಹೊರಟಿತ್ತು. ತಾಲ್ಲೂಕು ಆಸ್ಪತ್ರೆಗಳಲ್ಲಿ ನರ್ಸುಗಳು ನಿಲ್ಲುವುದಿಲ್ಲ, ಬಂದವರೆಲ್ಲ ಬಿಟ್ಟು ಹೋಗುತ್ತಾರೆ. ಅವರಿಗೆ ತಮ್ಮ ಹುದ್ದೆಯ ಮೇಲೆ ಅಟ್ಯಾಚ್‌ಮೆಂಟ್ ಎಷ್ಟಿದೆ, ಏನು ಮಾಡಿದರೆ ಹೆಚ್ಚುತ್ತದೆ ಎಂದು ವಿಚಾರಿಸಿ ಕೂಡಲೇ ಕ್ರಮ ಕೈಗೊಂಡು ವರದಿ ಕಳಿಸುವುದು. ಕಾಗದ ಮೊದಲು ಬಂದದ್ದು ತಾಲ್ಲೂಕು ಕಚೇರಿಗೆ. ಅಮಲ್ದಾರರು ಜಮಾಬಂದಿಗೆಂದು, ಕಂದಾಯದ ಲೆಕ್ಕ ನೋಡಲು, ಪಾವಗಡದ ಕಡೆ ಹೋಗಿದ್ದರು, ಹತ್ತು ದಿನ ಬರುವಂತಿರಲಿಲ್ಲ. ಕನ್ನಡಕ್ಕೆ ತರ್ಜುಮೆ ಮಾಡುವ ಭಾರ ಕಚೇರಿಯ ಹಳೆಯ ಗುಮಾಸ್ತರ ಮೇಲೆ ಬಿತ್ತು. ಇಪ್ಪತ್ತು ವರ್ಷ ಕಂದಾಯದ ಕಾಗದ ತಿರುವಿ ಹಾಕಿದ ಮನುಷ್ಯ. ಅವರ ಜೀವಮಾನದಲ್ಲಿ ಅಟ್ಯಾಚ್‌ಮೆಂಟ್ ಎಂಬ ಪದಕ್ಕೆ ಒಂದೇ ಅರ್ಥ, ಜಪ್ತಿ. ಕಂದಾಯ ಕಟ್ಟದವನ ಎಮ್ಮೆಗೆ ಅದು, ಜಾಮೀನಿಗೆ ನಿಂತವನ ಹಂಡೆಗೆ ಅದು. ಹಾಗಾಗಿ ಅವರು ದುಂಡಾದ ಅಕ್ಷರದಲ್ಲಿ ಬರೆದರು: ನರ್ಸುಗಳು ಬಿಟ್ಟು ಹೋಗುತ್ತಿರುವ ಕಾರಣ ಅವರನ್ನು ಹುದ್ದೆ ಸಮೇತ ಜಪ್ತಿ ಮಾಡಿ ಕೂಡಲೇ ವರದಿ ಕಳಿಸುವುದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಮಂಗಳವಾರ ಬೆಳಿಗ್ಗೆ ಗುಮಾಸ್ತರು, ಒಬ್ಬ ಜವಾನ, ಪಂಚರೆಂದು ಸಂತೆಬೀದಿಯಿಂದ ಹಿಡಿದು ತಂದ ಇಬ್ಬರು ನನ್ನ ಕೋಣೆ ಮುಂದೆ ಬಂದು ನಿಂತರು. ನಾನು ಏನಪ್ಪಾ ಎಂದರೆ ಜಪ್ತಿ ತಾಯಿ ಎಂದರು. ಯಾರ ಹಂಗಿನಲ್ಲೂ ಇಲ್ಲದ ಹೆಂಗಸು ನಾನು, ಮತ್ತೆ ಯಾವ ಪಾಪದ ಫಲ ಇದು ಶಿವನೇ ಎಂದುಕೊಂಡೆ. ಗುಮಾಸ್ತರು ಡಾಕ್ಟರಿಗೆ ಎರಡು ಕಾಗದ ಕೊಟ್ಟರು, ಇಂಗ್ಲಿಷಿನದೊಂದು, ಕನ್ನಡದ್ದೊಂದು. ಡಾಕ್ಟರು ಕನ್ನಡಕ ಏರಿಸಿ ಎರಡನ್ನೂ ಓದಿದರು. ನನ್ನ ಕಡೆ ಒಂದು ಸಲ ನೋಡಿದರು. ಆ ನೋಟದಲ್ಲಿ ಕನಿಕರ ಇದೆ ಎಂದು ನನಗೆ ಕಂಡಿತು. ಮೂಲೆಯಲ್ಲಿ ಸಹಿ ಹಾಕಿ ಹಿಂದಕ್ಕೆ ಕೊಟ್ಟರು, ಸರ್ಕಾರದ ಆಜ್ಞೆ, ನಾನೇನು ಮಾಡಲಿ ಎಂದರು.

ಜವಾನ ನನ್ನ ಸಾಮಾನು ಹೊರಗೆ ತಂದು ಜೋಡಿಸಿದ. ತಗಡಿನ ಟ್ರಂಕು, ಹಿತ್ತಾಳೆ ಚೊಂಬು, ಒಂದು ಕಂಬಳಿ, ಮೂರು ಬಿಳಿ ಸೀರೆ. ಇಷ್ಟೇನಾ ಎಂದು ಗುಮಾಸ್ತರು ಕೇಳಿದರು. ಪಾಪ, ಅಣಕಕ್ಕೆ ಕೇಳಿದ್ದಲ್ಲ. ಹನ್ನೊಂದು ವರ್ಷದ ಸರ್ಕಾರಿ ನೌಕರಿ ಬಿಸಿಲಲ್ಲಿ ಹಾಗೆ ಹರಡಿಕೊಂಡಿದ್ದನ್ನು ನೋಡಿ ನನಗೂ ಅದೇ ಪ್ರಶ್ನೆ ಬಂತು. ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯ ಕಡೆ ಜವಾನ ಬೆರಳು ತೋರಿಸಿದ. ಗುಮಾಸ್ತರು ತಾವೂ ಲಿಂಗ ಕಟ್ಟಿದವರು, ಅವನ ಕೈಗೆ ಒಂದು ಏಟು ಹಾಕಿದರು.

ಅಷ್ಟರಲ್ಲಿ ಆಯಾ ಪೊರಕೆ ಹಿಡಿದುಕೊಂಡು ಬಂದಳು. ಯಾವುದು ಯಾರದು ಎಂದು ಬರೆದುಕೊಳ್ಳಬೇಕಿತ್ತು. ಟ್ರಂಕು ನಂದು ಕಣಪ್ಪ ಎಂದಳು. ಚೊಂಬು? ಅದೂ ನಂದೇಯ. ಕಂಬಳಿ? ನಮ್ಮವ್ವ ಕೊಟ್ಟಿದ್ದು. ಬಿಳಿ ಸೀರೆ ಎತ್ತಿ ತೋರಿಸಿ ಇದು ನರ್ಸಿನ ಸೀರೆ, ಸರ್ಕಾರದ್ದು ಎಂದು ಗುಮಾಸ್ತರು ದಬಾಯಿಸಿದರು.

"ಯಾಕೆ, ನಾನು ಬಿಳೇದು ಉಟ್ಕಂಬಾರ್ದಾ? ಕಾನೂನು ಐತಾ? ಇದ್ರೆ ಓದಿ ಹೇಳು, ಕೇಳ್ತೀನಿ."

ಪಂಚರು ನಕ್ಕುಬಿಟ್ಟರು. ಪಂಚನಾಮೆಯಲ್ಲಿ ನನ್ನ ಹೆಸರಿಗೆ ಒಂದು ಸೂಜಿಯೂ ಉಳಿಯಲಿಲ್ಲ. ಬರಿಗೈಯಲ್ಲಿ ವಾಪಸು ಹೋದರೆ ಗುಮಾಸ್ತರ ಮರ್ಯಾದೆ ಏನಾಗಬೇಕು? ಬಹಳ ಹೊತ್ತು ಯೋಚಿಸಿ ಕೊನೆಗೆ ಒಂದು ಸಾಲು ಬರೆದರು: ನರ್ಸು, ಒಂದು. ಜಪ್ತಿಯಾದ ಮಾಲನ್ನು ಯಾರಾದರೂ ಜವಾಬ್ದಾರರ ಸುಪರ್ದಿಗೆ ಕೊಡಬೇಕು, ಕಾಪಾಡುವುದು ಅವರ ಹೊಣೆ. ನನ್ನನ್ನು ಡಾಕ್ಟರ ಸುಪರ್ದಿಗೆ ಕೊಟ್ಟರು. ಅಮಲ್ದಾರರು ಬಂದು ತೀರ್ಮಾನ ಮಾಡುವವರೆಗೆ ಈ ನರ್ಸನ್ನು ತಾಲ್ಲೂಕು ಬಿಟ್ಟು ಸಾಗಿಸಕೂಡದು. ಡಾಕ್ಟರು ರುಜು ಹಾಕಿ ನನ್ನನ್ನು ಸ್ವೀಕರಿಸಿದರು.

ಊರಿಗೆ ಹಬ್ಬ. ಔಷಧಿ ಸೀಸೆ ಹಿಡಿದು ಬಂದವರೆಲ್ಲ ಕಾಯಿಲೆ ಮರೆತು ನನ್ನನ್ನು ನೋಡಿಕೊಂಡು ಹೋಗುತ್ತಿದ್ದರು. ಹರಾಜು ಯಾವತ್ತು ಎಂದು ಒಬ್ಬ ಮುದುಕ ನಿಜವಾಗಿಯೂ ಕೇಳಿದ. ಬುಧವಾರ, ಗುರುವಾರ, ಶುಕ್ರವಾರ ಕಳೆಯಿತು. ಪಾವಗಡದ ಕಡೆ ಹೋಗುವ ಗಾಡಿಯವರ ಕೈಯಲ್ಲಿ ಅಮಲ್ದಾರರಿಗೆ ಎರಡು ಅರ್ಜಿ ಕಳಿಸಿದೆ, ಉತ್ತರವಿಲ್ಲ. ಡಾಕ್ಟರನ್ನು ಕೇಳಿದರೆ ತಾಳಿ, ನೋಡೋಣ ಎನ್ನುತ್ತಿದ್ದರು. ಸೋಮವಾರ ಹತ್ತು ಗಂಟೆ ಎಂದು ನನಗೆ ಅನ್ನ ಇಳಿಯುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನದ ಬಸ್ಸು ತಪ್ಪಿದರೆ ಬೆಂಗಳೂರು ತಪ್ಪಿತು.

ಶನಿವಾರ ಮಧ್ಯಾಹ್ನ ನಾನೇ ಕಚೇರಿಗೆ ಹೋದೆ. ಜಪ್ತಿಯಾದ ಮಾಲು ತಾನಾಗಿ ನಡೆದು ಬಂದದ್ದನ್ನು ಕಂಡು ಗುಮಾಸ್ತರು ಎದ್ದೇ ನಿಂತರು. ಮೂಲ ಕಾಗದ ತೋರಿಸಿ ಎಂದು ಹಟ ಹಿಡಿದೆ. ತರಬೇತಿಯಲ್ಲಿ ಕಲಿತ ಇಂಗ್ಲಿಷು ಇಷ್ಟಕ್ಕಾದರೂ ಸಾಕಾಗಿತ್ತು. ಓದಿದೆ, ಇನ್ನೊಂದು ಸಲ ಓದಿದೆ, ಆಮೇಲೆ ಅವರಿಗೆ ಅರ್ಥ ಬಿಡಿಸಿ ಹೇಳಿದೆ. ಇಲ್ಲಿ ಅಟ್ಯಾಚ್‌ಮೆಂಟ್ ಎಂದರೆ ಜಪ್ತಿ ಅಲ್ಲ ಸ್ವಾಮಿ, ಕೆಲಸದ ಮೇಲಿನ ಮಮತೆ. ನರ್ಸುಗಳು ಯಾಕೆ ಹೋಗುತ್ತಾರೆ, ಏನು ಮಾಡಿದರೆ ಮನಸ್ಸಿಟ್ಟು ಉಳಿಯುತ್ತಾರೆ ಎಂದು ಕೇಳಿದ್ದಾರೆ. ಗುಮಾಸ್ತರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಮಮತೆಗೂ ಜಪ್ತಿಗೂ ಒಂದೇ ಪದ ಇಟ್ಕೊಂಡವ್ರಲ್ಲ ತಾಯಿ, ಇವ್ರು ರಾಜ್ಯ ಹೆಂಗೆ ಆಳ್ತಾರೆ?"

ನನಗೂ ನಗು ಬಂತು. ಆದರೆ ನಗು ಬಾಯಿಗೆ ಬರುವಷ್ಟರಲ್ಲಿ ಕಾಗದದ ಮೂಲೆಯಲ್ಲಿ ಡಾಕ್ಟರ ಸಹಿ ಕಾಣಿಸಿತು. ಇಂಗ್ಲಿಷ್ ಪ್ರತಿಯ ಮೇಲೆ, ಓದಿದ್ದೇನೆ ಎಂದು ಬರೆದು, ಮಂಗಳವಾರದ ತಾರೀಖು. ಮದರಾಸಿನಲ್ಲಿ ಓದಿ ಬಂದ ಮನುಷ್ಯ. ಮಮತೆ ಯಾವುದು, ಜಪ್ತಿ ಯಾವುದು ಎಂದು ಅವರಿಗೆ ಗೊತ್ತಾಗದೆ ಇರಲು ಸಾಧ್ಯವೇ ಇರಲಿಲ್ಲ. ಗುಮಾಸ್ತರು ಬೆವರು ಒರೆಸಿಕೊಳ್ಳುತ್ತಾ, ಸುಪರ್ದು ತೆಗೆದುಕೊಂಡವರು ಒಂದು ಸಾಲು ಬರೆದುಕೊಟ್ಟರೆ ಇವತ್ತೇ ಬಿಡುಗಡೆ, ಅಮಲ್ದಾರರು ಬರುವುದೂ ಬೇಕಾಗಿಲ್ಲ ಎಂದರು. ಮಂಗಳವಾರವೇ ಆ ಒಂದು ಸಾಲು ಬರೆಯಬಹುದಿತ್ತು ಎಂದಾಯಿತು.

ಕಚೇರಿಯಿಂದ ಆಸ್ಪತ್ರೆಗೆ ಬಿಸಿಲಲ್ಲಿ ಹೇಗೆ ನಡೆದೆನೋ ಗೊತ್ತಿಲ್ಲ. ಡಾಕ್ಟರು ಒಬ್ಬರೇ ಇದ್ದರು. ನಾನು ಎದುರಿನ ಕುರ್ಚಿ ಎಳೆದುಕೊಂಡು ಕೂತೆ. ಸಿಟ್ಟಿನಲ್ಲಿ ಕೂತದ್ದು ನನಗೇ ತಿಳಿಯಲಿಲ್ಲ, ಅವರಿಗೆ ತಿಳಿಯಿತು. ಗೊತ್ತಿತ್ತಾ ಎಂದು ಕೇಳಿದೆ. ಅವರು ನಸ್ಯದ ಡಬ್ಬಿಯನ್ನು ಮೇಜಿನ ಮೇಲೆ ಆ ಕಡೆ ಈ ಕಡೆ ಉರುಳಿಸಿದರು.

"ಗೊತ್ತಿತ್ತು. ನೀವು ಹೋದರೆ ಈ ಆಸ್ಪತ್ರೆ ನಡೆಯೋದಿಲ್ಲ. ಅದೂ ಗೊತ್ತಿತ್ತು."

ಬೈಯಬೇಕೆಂದು ಬಾಯಿ ತೆರೆದವಳಿಗೆ ಕಣ್ಣು ತುಂಬಿ ಬಂತು. ಥೂ, ಹೆಣ್ಣು ಜನ್ಮವೇ ಎನ್ನಿಸಿತು. ಐದು ದಿನ ನನ್ನನ್ನು ಎಮ್ಮೆಯ ಹಾಗೆ ಕಟ್ಟಿಹಾಕಿದ ಮನುಷ್ಯ ಒಂದು ಒಳ್ಳೆಯ ಮಾತು ಆಡಿದ್ದಕ್ಕೆ ನನಗೆ ಖುಷಿಯಾಯಿತು. ಹೌದು, ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇರಿ ಎಂದು ಇನ್ನೊಂದು ಮಾತು ಅವರ ಬಾಯಿಂದ ಬಂದಿದ್ದರೆ ಬೆಂಗಳೂರಿನ ಕಾಗದವನ್ನು ಅಲ್ಲೇ ಹರಿದು ಹಾಕುತ್ತಿದ್ದೆ. ಹಾಗಾದರೆ ಸುತ್ತೋಲೆಗೆ ಉತ್ತರ ಅದನ್ನೇ ಬರೆಯಿರಿ ಎಂದೆ. ಏಳು ವರ್ಷದಿಂದ ಈ ನರ್ಸಿನಿಂದ ಆಸ್ಪತ್ರೆ ನಡೆದಿದೆ, ಈಕೆಗೆ ಒಬ್ಬರೂ ಅದನ್ನು ಹೇಳಲಿಲ್ಲ, ಅದಕ್ಕೇ ಹೋಗುತ್ತಿದ್ದಾಳೆ ಎಂದು.

ಡಾಕ್ಟರು ಲೇಖನಿ ತೆಗೆದುಕೊಂಡರು, ಮಸಿಯಲ್ಲಿ ಅದ್ದಿದರು, ಹಾಗೇ ಹಿಡಿದುಕೊಂಡು ಕೂತರು. ಹಾಗೆಲ್ಲ ಬರೆಯೋಕಾಗುತ್ತೇನಮ್ಮ ಎಂದರು. ಬರೆದರೆ ಮೇಲಿನವರು ನನ್ನನ್ನು ಕೇಳುತ್ತಾರೆ, ಹಾಗಾದರೆ ಏಳು ವರ್ಷ ನೀವೇನು ಮಾಡುತ್ತಿದ್ದಿರಿ ಎಂದು. ಆಮೇಲೆ ಸರಸರನೆ ಬರೆದು ಮುಗಿಸಿದರು. ನರ್ಸುಗಳು ಬಿಟ್ಟು ಹೋಗಲು ಕಾರಣ: ಸ್ತ್ರೀಯರ ಚಂಚಲ ಸ್ವಭಾವ, ಪಟ್ಟಣವಾಸದ ಆಸೆ. ನಿಮ್ಮ ಅಕ್ಷರ ಚೆನ್ನಾಗಿದೆ, ಇದರದೊಂದು ಶುದ್ಧಪ್ರತಿ ಮಾಡಿಕೊಟ್ಟುಬಿಡಿ ಎಂದು ನನ್ನ ಕಡೆಗೆ ತಳ್ಳಿದರು. ಮಾಡಿಕೊಟ್ಟೆ. ಒಂದು ಅಕ್ಷರ ಬದಲಿಸಲಿಲ್ಲ, ಒಂದು ಚಿತ್ತು ಬೀಳಲಿಲ್ಲ. ಅದಕ್ಕೆ ಪ್ರತಿಯಾಗಿ ಅವರು ನನ್ನ ಬಿಡುಗಡೆಯ ಸಾಲು ಬರೆದುಕೊಟ್ಟರು. ಸುಪರ್ದಿನಲ್ಲಿದ್ದ ನರ್ಸನ್ನು ಸುಸ್ಥಿತಿಯಲ್ಲಿ ಹಿಂತಿರುಗಿಸಲಾಗಿದೆ ಎಂದಿತ್ತು.

ಭಾನುವಾರ ಬಸ್ಸಿನ ಹತ್ತಿರ ಆಯಾ ನನ್ನ ಸಾಮಾನು ಹೊತ್ತು ತಂದಳು. ಡ್ರೈವರು ಇದ್ದಿಲ ಒಲೆಗೆ ಗಾಳಿ ತಿರುವುತ್ತಿದ್ದ. ಅದು ಕಾಯಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯೂ ನಾನು ಆಸ್ಪತ್ರೆಯ ದಾರಿಯನ್ನೇ ನೋಡುತ್ತಿದ್ದೆ, ಡಾಕ್ಟರು ಬರುತ್ತಾರೇನೋ ಎಂದು. ಆಯಾ ನನ್ನ ಕಾಲ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಏನೇನೋ ಹೇಳುತ್ತಿದ್ದಳು. ಹೂಂ ಹೂಂ ಎನ್ನುತ್ತಿದ್ದೆ. ಬಸ್ಸು ಗುರ್ ಎಂದಾಗ ಅವಳು ನನ್ನ ಸೆರಗಿನ ತುದಿ ಹಿಡಿದುಕೊಂಡಳು.

"ಹೋಗ್ಬ್ಯಾಡ ಕಣಮ್ಮ. ನೀನಿಲ್ದಿದ್ರೆ ನಂಗೆ ಆಗಾಕಿಲ್ಲ. ಇದ್ಬುಡು."

ಸೆರಗಿಗೆ ಇದ್ದಿಲು ಹತ್ತೀತು, ಬಿಡು, ಹೊತ್ತಾಯ್ತು ಎಂದೆ. ಬಿಡಿಸಿಕೊಂಡು ಹತ್ತಿದೆ. ತುಮಕೂರು ಬರುವ ತನಕ ಕಿಟಕಿಗೆ ಮುಖ ಕೊಟ್ಟು ಅತ್ತೆ, ಏಳು ವರ್ಷ ದುಡಿದ ಊರಲ್ಲಿ ಇರು ಎನ್ನುವ ಜೀವ ಒಂದೂ ಇಲ್ಲದೆ ಹೋಯಿತಲ್ಲ ಎಂದು.

ಬೆಂಗಳೂರಿನಲ್ಲಿ ಕೊನೆಯವರೆಗೂ ದುಡಿದೆ. ಹೊಸದಾಗಿ ಬಂದ ಹುಡುಗಿಯರು ಮಧುಗಿರಿ ಯಾಕೆ ಬಿಟ್ಟಿರಿ ಎಂದು ಕೇಳಿದಾಗೆಲ್ಲ, ಇರು ಎಂದು ಒಬ್ಬರಾದರೂ ಹೇಳಿದ್ದರೆ ಇರುತ್ತಿದ್ದೆ ಎಂದು ಹೇಳುತ್ತಾ ಬಂದೆ. ಎಷ್ಟೋ ವರ್ಷ ಅದು ನಿಜವೆಂದೇ ನಂಬಿದ್ದೆ. ಒಬ್ಬಳು ಹೇಳಿದ್ದಳು. ಅವಳನ್ನು ನಾನು ಒಬ್ಬಳೆಂದು ಎಣಿಸಿರಲಿಲ್ಲ.